ಉಗಿ, ಕರೆಂಟು, ಕಸ: ಜೀಡಿಮೆಟ್ಲಾದ ಇಂಗಾಲದ ಲೆಕ್ಕ

ಒಂದು ಕಾರ್ಖಾನೆಯಾಗಲಿ, ಅಂಗಡಿಯಾಗಲಿ, ಸಂಸಾರವಾಗಲಿ ವರ್ಷವಿಡೀ ನಡೆಯುವಾಗ ನೇರವಾಗಿಯೂ ಪರೋಕ್ಷವಾಗಿಯೂ ವಾತಾವರಣಕ್ಕೆ ಸೇರಿಸುವ ಹಸಿರುಮನೆ ಅನಿಲಗಳ ಒಟ್ಟು ಮೊತ್ತಕ್ಕೆ ಇಂಗಾಲದ ಹೆಜ್ಜೆಗುರುತು ಎನ್ನುತ್ತಾರೆ. ಇವುಗಳಲ್ಲಿ ಮುಖ್ಯವಾದದ್ದು ಇಂಗಾಲದ ಡೈಆಕ್ಸೈಡ್. ಮೀಥೇನ್, ನೈಟ್ರಸ್ ಆಕ್ಸೈಡ್, ಏಸಿ ಮತ್ತು ಫ್ರಿಜ್‌ಗಳಿಗೆ ತುಂಬುವ ಗ್ಯಾಸ್ ಕೂಡ ಲೆಕ್ಕಕ್ಕೆ ಬರುತ್ತವೆ. ಬಿಸಿಯನ್ನು ಹಿಡಿದಿಡುವ ಶಕ್ತಿಗೆ ತಕ್ಕಂತೆ ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿನ ತೂಕಕ್ಕೆ ಇಳಿಸಿ ಕಿಲೋ ಅಥವಾ ಟನ್ನಿನಲ್ಲಿ ಹೇಳುವುದು ರೂಢಿ. ನೂರು ವರ್ಷದ ಅವಧಿ ಹಿಡಿದರೆ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಹಳೆಯ ಏಸಿಗಳ ಆರ್-22 ಗ್ಯಾಸ್ ಒಂದು ಕಿಲೋ ಸೋರಿದರೆ ಅದು ಸುಮಾರು 1,800 ಕಿಲೋಗೆ ಸಮ.

ಹೈದರಾಬಾದಿನ ಉತ್ತರಕ್ಕೆ, ಕುತ್ಬುಲ್ಲಾಪುರ ಭಾಗದಲ್ಲಿರುವ ಜೀಡಿಮೆಟ್ಲಾ ಈ ಲೆಕ್ಕವನ್ನು ಅರಿಯಲು ಒಳ್ಳೆಯ ಜಾಗ. ಪಕ್ಕದ ಬಾಲಾನಗರದಲ್ಲಿ 1960ರ ದಶಕದಲ್ಲಿ ಸರ್ಕಾರಿ ಔಷಧ ಕಾರ್ಖಾನೆ ಐಡಿಪಿಎಲ್ ಬಂತು. ಅಲ್ಲಿ ಪಳಗಿದ ರಸಾಯನ ತಜ್ಞರು ಹೊರಬಂದು ಸ್ವಂತ ಉದ್ಯಮ ಕಟ್ಟಿದರು; ಡಾ. ರೆಡ್ಡೀಸ್ ಸ್ಥಾಪಿಸಿದ ಕೆ. ಅಂಜಿ ರೆಡ್ಡಿ ಅವರಲ್ಲೊಬ್ಬರು. ಇಂದು ಜೀಡಿಮೆಟ್ಲಾದಲ್ಲಿ ಔಷಧದ ಕಚ್ಚಾವಸ್ತು ತಯಾರಿಸುವ ಘಟಕಗಳ ಜೊತೆಗೆ ಫೌಂಡ್ರಿ, ಪ್ಲಾಸ್ಟಿಕ್ ಅಚ್ಚು, ಬಣ್ಣ, ಯಂತ್ರಭಾಗಗಳ ಸಣ್ಣ ಘಟಕಗಳೂ ಒತ್ತೊತ್ತಾಗಿವೆ. ಅವುಗಳ ಬೆನ್ನಿಗೇ ಶಾಪುರ್‌ನಗರ, ಚಿಂತಲ್, ಗಾಜುಲರಾಮಾರಂ, ಸೂರಾರಂನ ಜನವಸತಿ. 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಕಲಬುರಗಿ ಕಡೆಯಿಂದ ದುಡಿಯಲು ಬಂದ ಕನ್ನಡ ಕುಟುಂಬಗಳು ಈ ನಗರದಲ್ಲಿ ಕಡಿಮೆಯೇನಲ್ಲ. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯವನ್ನು ಬಲ್ಲ ಓದುಗರಿಗೆ ಇಲ್ಲಿನ ಬದುಕು ಹೊಸದೆನಿಸುವುದಿಲ್ಲ.

ಕಂಪನಿಗಳ ಲೆಕ್ಕಕ್ಕೆ 2001ರಲ್ಲಿ ಪ್ರಕಟವಾದ ಜಿಎಚ್‌ಜಿ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ಪದ್ಧತಿ ಮೂರು ಪಾಲು ಮಾಡಿಕೊಟ್ಟಿದೆ. ಕಾರ್ಖಾನೆಯ ಆವರಣದಲ್ಲೇ ಉರಿಯುವ ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಮೊದಲನೆಯದು. ಹೊರಗಿನಿಂದ ಕೊಳ್ಳುವ ವಿದ್ಯುತ್ತು ಎರಡನೆಯದು. ಕಚ್ಚಾವಸ್ತು ತಯಾರಾದದ್ದು, ಲಾರಿಯಲ್ಲಿ ಬಂದದ್ದು, ಕಾರ್ಮಿಕರು ಕೆಲಸಕ್ಕೆ ಬಂದುಹೋಗುವುದು, ಕೊನೆಗೆ ಕಸ ಎಲ್ಲಿ ಸೇರುತ್ತದೆ ಎಂಬುದೆಲ್ಲ ಮೂರನೆಯದು. ಮೊದಲ ಎರಡಕ್ಕೆ ತಜ್ಞರನ್ನು ಕರೆಯಬೇಕಾಗಿಲ್ಲ; ಇಂಧನದ ಬಿಲ್ಲು, ಕರೆಂಟಿನ ಬಿಲ್ಲು ಕೈಯಲ್ಲಿದ್ದರೆ ಸಾಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ, ಪೆಟ್ರೋಲ್ ಉರಿದರೆ 2.3 ಕಿಲೋ, ಒಂದು ಕಿಲೋ ಅಡುಗೆ ಅನಿಲ ಉರಿದರೆ 3 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ವಿದ್ಯುತ್ತಿನ ಒಂದು ಯೂನಿಟ್ಟಿಗೆ ದೇಶದ ಸರಾಸರಿ ಸುಮಾರು 0.7 ಕಿಲೋ.

ಈ ಕೊನೆಯ ಅಂಕಿ ಇಷ್ಟು ದೊಡ್ಡದಾಗಿರಲು ಕಾರಣ ಕಲ್ಲಿದ್ದಲು. ತೆಲಂಗಾಣದ ವಿದ್ಯುತ್ತಿನ ಬಹುಪಾಲು ರಾಮಗುಂಡಂ, ಕೊತ್ತಗೂಡೆಂನಂಥ ಶಾಖೋತ್ಪನ್ನ ಸ್ಥಾವರಗಳಿಂದ, ಸಿಂಗರೇಣಿ ಗಣಿಗಳ ಕಲ್ಲಿದ್ದಲಿನಿಂದ ಬರುತ್ತದೆ. ಕರ್ನಾಟಕಕ್ಕೆ ಶರಾವತಿಯ ಜಲವಿದ್ಯುತ್ತೂ 2,050 ಮೆಗಾವಾಟಿನ ಪಾವಗಡ ಸೌರ ಪಾರ್ಕೂ ಇವೆ. ಆದರೆ 2013ರ ಡಿಸೆಂಬರ್‌ನಲ್ಲಿ ದಕ್ಷಿಣದ ಜಾಲ ಕೂಡಿಕೊಂಡ ಮೇಲೆ ಇಡೀ ದೇಶಕ್ಕೆ ಒಂದೇ ವಿದ್ಯುತ್ ಜಾಲ. ಹೀಗಾಗಿ ಬೆಂಗಳೂರಿನವರೂ ಲೆಕ್ಕಕ್ಕೆ ಇದೇ ಅಂಕಿಯನ್ನು ಬಳಸುತ್ತಾರೆ.

ಕಾರ್ಖಾನೆಗಳ ಇಂಗಾಲ ತಗ್ಗಿಸುವುದೆಂದರೆ ಚಾವಣಿ ತುಂಬ ಸೌರಫಲಕ ಹಾಕುವುದು, ಗೇಟಿನ ಬಳಿ ಗಿಡ ನೆಡುವುದು ಎಂದು ಹಲವರು ತಿಳಿದಿದ್ದಾರೆ. ಆದರೆ ಜೀಡಿಮೆಟ್ಲಾದಂಥ ಕಡೆ ದೊಡ್ಡ ಪಾಲು ಇರುವುದು ಉಗಿಯಲ್ಲಿ. ಔಷಧ ಘಟಕದ ರಿಯಾಕ್ಟರ್ ಕಾಯಿಸಲು, ದ್ರಾವಕ ಭಟ್ಟಿ ಇಳಿಸಲು, ಪುಡಿ ಒಣಗಿಸಲು ಎಲ್ಲಕ್ಕೂ ಉಗಿಯೇ ಬೇಕು. ಭಾರತದ ಸಾಧಾರಣ ಕಲ್ಲಿದ್ದಲಿನಲ್ಲಿ ಒಂದು ಟನ್ ಉಗಿ ಎಬ್ಬಿಸಲು ಸುಮಾರು 200 ಕಿಲೋ ಕಲ್ಲಿದ್ದಲು ಹೋಗುತ್ತದೆ, ಸುಮಾರು 300 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇಷ್ಟು ಬೆಲೆ ತೆತ್ತು ಎಬ್ಬಿಸಿದ ಉಗಿ ಸೋರಿಹೋಗುವುದನ್ನು ಮಾತ್ರ ಯಾರೂ ದೊಡ್ಡ ನಷ್ಟವೆಂದು ಎಣಿಸುವುದಿಲ್ಲ. ಚದರ ಸೆಂಟಿಮೀಟರಿಗೆ ಏಳು ಕಿಲೋ ಒತ್ತಡದ ಉಗಿ ಪೈಪಿನಲ್ಲಿ 3 ಮಿಲಿಮೀಟರಿನ ಒಂದು ತೂತು ಇದ್ದರೆ ಗಂಟೆಗೆ ಸುಮಾರು 30 ಕಿಲೋ ಉಗಿ ಹೊರಟುಹೋಗುತ್ತದೆ. ಹಗಲು ರಾತ್ರಿ ನಡೆಯುವ ಘಟಕದಲ್ಲಿ ವರ್ಷಕ್ಕೆ ಅದು 260 ಟನ್. ಫರ್ನೇಸ್ ಆಯಿಲ್ ಉರಿಸುವ ಬಾಯ್ಲರಾದರೆ 20 ಸಾವಿರ ಲೀಟರ್ ತೈಲ, ಸುಮಾರು 60 ಟನ್ ಇಂಗಾಲದ ಡೈಆಕ್ಸೈಡ್. ಇದಕ್ಕೆ ಪರಿಹಾರ ಒಬ್ಬ ಫಿಟ್ಟರ್, ಒಂದು ಗ್ಯಾಸ್ಕೆಟ್, ಅರ್ಧ ಗಂಟೆಯ ಕೆಲಸ.

ತೂತು ಕಣ್ಣಿಗಾದರೂ ಕಾಣುತ್ತದೆ. ಕೆಟ್ಟುಹೋದ ಸ್ಟೀಮ್ ಟ್ರ್ಯಾಪ್ ಕಾಣುವುದೂ ಇಲ್ಲ. ಉಗಿ ತಣಿದು ನೀರಾದಾಗ ಆ ನೀರನ್ನಷ್ಟೇ ಹೊರಬಿಟ್ಟು ಉಗಿಯನ್ನು ತಡೆಯುವುದು ಅದರ ಕೆಲಸ. ಬಾಯಿ ತೆರೆದಂತೆಯೇ ಅದು ಸಿಕ್ಕಿಕೊಂಡರೆ ಉಗಿ ನೇರವಾಗಿ ಚರಂಡಿ ಸೇರುತ್ತದೆ. ತಣಿದ ಆ ನೀರು ಕೂಡ 80-90 ಡಿಗ್ರಿ ಬಿಸಿ ಇರುತ್ತದೆ, ಶುದ್ಧವಾಗಿಯೂ ಇರುತ್ತದೆ. ಅದನ್ನು ಮತ್ತೆ ಬಾಯ್ಲರಿಗೆ ತರುವ ಪೈಪು ಹಾಕಿದರೆ, ಬಾಯ್ಲರಿಗೆ ಹೋಗುವ ನೀರು ಪ್ರತಿ 6 ಡಿಗ್ರಿ ಹೆಚ್ಚು ಬಿಸಿಯಾದಾಗ ಇಂಧನದಲ್ಲಿ ಸುಮಾರು ಶೇ 1 ಉಳಿಯುತ್ತದೆ. ಹೊಗೆ ಗೂಡಿನಿಂದ ಹೊರಡುವ ಗಾಳಿಯ ಬಿಸಿಯನ್ನು 22 ಡಿಗ್ರಿ ಇಳಿಸಿದರೂ ಅಷ್ಟೇ ಲಾಭ. ವಾಲ್ವ್ ಮತ್ತು ಫ್ಲ್ಯಾಂಜ್‌ಗಳನ್ನು ಬತ್ತಲಾಗಿ ಬಿಡದೆ ಶಾಖ ತಡೆಯುವ ಲ್ಯಾಗಿಂಗ್ ಸುತ್ತುವುದು, ಬಾಯ್ಲರಿನ ಕೊಳವೆಗಳ ಮಸಿಯನ್ನು ಕಾಲಕಾಲಕ್ಕೆ ತೆಗೆಯುವುದು, ಗಾಳಿ ಎಷ್ಟು ಬೇಕೋ ಅಷ್ಟೇ ಬಿಡುವುದು ಹಳೆಯ ಬುದ್ಧಿಮಾತುಗಳು. ಇವನ್ನೆಲ್ಲ ಮಾಡಿ ಮುಗಿಸಿದ ಮೇಲೆ ಇಂಧನ ಬದಲಿಸುವ ಮಾತು ಬರಬೇಕು. ಭತ್ತದ ಹೊಟ್ಟು, ಶೇಂಗಾ ಸಿಪ್ಪೆಯ ಬ್ರಿಕೆಟ್ಟುಗಳನ್ನು ಕಲ್ಲಿದ್ದಲಿನ ಬದಲು ಉರಿಸಬಹುದು. ಬೆಳೆ ಬೆಳೆಯುವಾಗ ಹೀರಿಕೊಂಡದ್ದೇ ಉರಿದಾಗ ಹೊರಬರುವುದರಿಂದ ಅದನ್ನು ಹೊಸ ಇಂಗಾಲವೆಂದು ಎಣಿಸುವುದಿಲ್ಲ. ದೂಳು ಮಾತ್ರ ಹೆಚ್ಚು, ಹೀಗಾಗಿ ಬ್ಯಾಗ್ ಫಿಲ್ಟರ್ ಇಲ್ಲದೆ ಅದನ್ನು ಉರಿಸುವುದು ಸುತ್ತಲಿನ ಮನೆಗಳಿಗೆ ಮಾಡುವ ಅನ್ಯಾಯ. 80 ಡಿಗ್ರಿಯೊಳಗಿನ ಬಿಸಿನೀರು ಸಾಕಾಗುವ ಕಡೆ ಉಗಿಯೇ ಬೇಕಿಲ್ಲ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಕೊಡುವ ಹೀಟ್ ಪಂಪ್ ಆ ಕೆಲಸ ಮಾಡುತ್ತದೆ.

ಉಗಿಯ ಕತೆ ಇಲ್ಲಿನ ಕೊಳಚೆ ನೀರಿನ ಕತೆಯೊಂದಿಗೆ ಹೆಣೆದುಕೊಂಡಿದೆ. ಔಷಧ ಘಟಕಗಳ ಉಪ್ಪು ತುಂಬಿದ ನೀರನ್ನು ಹೊರಗೆ ಬಿಡುವಂತಿಲ್ಲ. ಅದನ್ನು ಆವಿಯಾಗಿಸಿ ಉಪ್ಪು ಬೇರೆ, ನೀರು ಬೇರೆ ಮಾಡಬೇಕು. ಹೈದರಾಬಾದಿನ ಮೂಸಿ ನದಿಯ ಮತ್ತು ಇಲ್ಲಿನ ಕೆರೆಗಳ ಮಲಿನ ಸ್ಥಿತಿ ನೋಡಿದರೆ ಆ ನಿಯಮ ಸರಿಯಾದದ್ದೇ. ಆದರೆ ಒಂದೇ ಹಂತದಲ್ಲಿ ಒಂದು ಟನ್ ನೀರು ಆವಿಯಾಗಿಸಲು ಒಂದು ಟನ್ನಿಗೂ ಮೀರಿ ಉಗಿ ಬೇಕು. ಒಂದು ಹಂತದ ಆವಿಯಿಂದಲೇ ಮುಂದಿನದನ್ನು ಕಾಯಿಸುವ ಮೂರು ಹಂತದ ಯಂತ್ರದಲ್ಲೂ ಸುಮಾರು 400 ಕಿಲೋ ಬೇಕು. ನೀರನ್ನು ಶುದ್ಧಗೊಳಿಸಿದ ಪುಣ್ಯಕ್ಕೆ ಗಾಳಿ ಬೆಲೆ ತೆರುತ್ತದೆ. ಹೀಗಾಗಿ ಇಲ್ಲಿ ನೀರಿನ ಉಳಿತಾಯವೇ ಇಂಗಾಲದ ಉಳಿತಾಯ. ರಿಯಾಕ್ಟರ್ ತೊಳೆಯಲು ಪೈಪು ಬಿಟ್ಟು ಸುರಿಯುವ ಬದಲು ಒತ್ತಡದ ನಳಿಕೆ ಬಳಸಿದರೆ, ಕಡೆಯ ತೊಳೆತದ ತಿಳಿನೀರನ್ನು ಮುಂದಿನ ಬ್ಯಾಚಿನ ಮೊದಲ ತೊಳೆತಕ್ಕೆ ಇಟ್ಟುಕೊಂಡರೆ, ಆವಿಯಾಗಿಸುವ ಮೊದಲು ಆರ್‌ಒದಲ್ಲಿ ಸೋಸಿ ನೀರಿನ ಪ್ರಮಾಣ ಇಳಿಸಿದರೆ ಉಗಿಯ ಬೇಡಿಕೆ ಗಣನೀಯವಾಗಿ ತಗ್ಗುತ್ತದೆ.

ಔಷಧ ಉದ್ಯಮದ ಇನ್ನೊಂದು ದೊಡ್ಡ ಪಾಲು ದ್ರಾವಕಗಳದು. ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಹುಟ್ಟುತ್ತದೆ ಎಂಬ ಅಳತೆಯನ್ನು ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲಿ ಮುಂದಿಟ್ಟರು. ತೈಲ ಸಂಸ್ಕರಣೆಯಲ್ಲಿ ಅದು 0.1ಕ್ಕಿಂತ ಕಡಿಮೆ, ಔಷಧದಲ್ಲಿ 25ರಿಂದ 100, ಕೆಲವೊಮ್ಮೆ ಅದಕ್ಕೂ ಮೇಲೆ. ಇದರಲ್ಲಿ ಟೊಲ್ವೀನ್, ಮೆಥನಾಲ್, ಅಸಿಟೋನ್‌ನಂಥ ದ್ರಾವಕಗಳದೇ ಸಿಂಹಪಾಲು. ಒಂದು ಕಿಲೋ ಟೊಲ್ವೀನ್ ಸುಟ್ಟರೆ 3.3 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಪೆಟ್ರೋಲಿಯಂನಿಂದ ತಯಾರಾಗುವಾಗ ಆದ ಖರ್ಚು ಬೇರೆ. ಬಳಸಿದ ದ್ರಾವಕವನ್ನು ಭಟ್ಟಿ ಇಳಿಸಿ ಮರುಬಳಸುವುದು, ಅದು ಆವಿಯಾಗಿ ತಪ್ಪಿಸಿಕೊಳ್ಳದಂತೆ ತಣ್ಣನೆಯ ಎರಡನೇ ಕಂಡೆನ್ಸರ್ ಹಾಕುವುದು ಬಂಡವಾಳ ಬೇಗ ಮರಳುವ ಕೆಲಸಗಳು. ಅದಕ್ಕಿಂತ ಮೇಲು, ದ್ರಾವಕ ಕಡಿಮೆ ಬೇಡುವ ತಯಾರಿಕಾ ವಿಧಾನವನ್ನೇ ಹುಡುಕುವುದು. ಈ ಸಂಶೋಧನೆಗೆ ಜೀಡಿಮೆಟ್ಲಾದವರು ದೂರ ಹೋಗಬೇಕಿಲ್ಲ. ಇದೇ ನಗರದ ತಾರ್ನಾಕಾದಲ್ಲಿ 1944ರಲ್ಲಿ ಬೇರು ಬಿಟ್ಟ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಐಐಸಿಟಿ, ಇದೆ.

ಫೌಂಡ್ರಿ, ಪ್ಲಾಸ್ಟಿಕ್, ಮಷೀನ್ ಶಾಪ್‌ಗಳಲ್ಲಿ ಇಂಗಾಲದ ಮುಖ್ಯ ಮೂಲ ಕರೆಂಟು. ಅಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಕಂಪ್ರೆಸರ್. ವಾರದ ರಜೆಯ ದಿನ ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸರನ್ನು ಮಾತ್ರ ಓಡಿಸಬೇಕು. ಯಾರೂ ಗಾಳಿ ಬಳಸುತ್ತಿಲ್ಲವಾದ್ದರಿಂದ ಒತ್ತಡ ತುಂಬಿದ ಮೇಲೆ ಅದು ಸುಮ್ಮನಿರಬೇಕು. ಸ್ವಲ್ಪ ಹೊತ್ತಿಗೆ ಮತ್ತೆ ಲೋಡ್ ತೆಗೆದುಕೊಂಡರೆ ಗಾಳಿ ಎಲ್ಲೋ ಸೋರುತ್ತಿದೆ ಎಂದರ್ಥ. ಒಂದು ನಿಮಿಷ ಲೋಡ್, ಮೂರು ನಿಮಿಷ ವಿರಾಮ ಎಂದಾದರೆ ಅದರ ಸಾಮರ್ಥ್ಯದ ನಾಲ್ಕನೇ ಒಂದು ಪಾಲು ಸೋರಿಕೆಗೇ ಹೋಗುತ್ತಿದೆ. 30 ಕಿಲೋವಾಟಿನ ಕಂಪ್ರೆಸರ್ ವರ್ಷಕ್ಕೆ 6,000 ಗಂಟೆ ನಡೆದರೆ ಹೀಗೆ ವ್ಯರ್ಥವಾಗುವುದು 45,000 ಯೂನಿಟ್, ಅಂದರೆ 30 ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್. ಪರೀಕ್ಷೆಗೆ ಬೇಕಾದದ್ದು ಒಂದು ಗಡಿಯಾರ; ಸೋರುವ ಜಾಗ ಹಿಡಿಯಲು ಸೋಪಿನ ನೀರು. ಒತ್ತಡವನ್ನು ಬೇಕಾದದ್ದಕ್ಕಿಂತ ಒಂದು ಬಾರ್ ಹೆಚ್ಚಿಗೆ ಇಟ್ಟರೂ ಶೇ 6-7ರಷ್ಟು ವಿದ್ಯುತ್ತು ಹೆಚ್ಚು ಹೋಗುತ್ತದೆ.

ಫ್ಯಾನು, ಪಂಪುಗಳ ವಿಷಯದಲ್ಲೂ ಒಂದು ಅನುಕೂಲವಿದೆ. ವೇಗವನ್ನು ಶೇ 80ಕ್ಕೆ ಇಳಿಸಿದರೆ ವಿದ್ಯುತ್ತಿನ ಬೇಡಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ವಾಲ್ವ್ ಅರ್ಧ ಮುಚ್ಚಿ ನೀರು ತಡೆಯುವ ಬದಲು ಮೋಟಾರಿನ ವೇಗ ತಗ್ಗಿಸುವ ವಿಎಫ್‌ಡಿ ಹಾಕುವುದು ಜಾಣತನ. ಸುಟ್ಟ ಮೋಟಾರನ್ನು ಮತ್ತೆ ಮತ್ತೆ ವೈಂಡಿಂಗ್ ಮಾಡಿಸುವುದು ಅಗ್ಗವೆನಿಸಿದರೂ ಅದರ ದಕ್ಷತೆ ಕುಸಿದಿರಬಹುದು. ಫೌಂಡ್ರಿಯಲ್ಲಿ ಕುಲುಮೆಯ ಮುಚ್ಚಳ ಮುಚ್ಚಿಡುವುದೂ, ಕರಗಿದ ಲೋಹವನ್ನು ಅಚ್ಚು ಸಿದ್ಧವಾಗುವವರೆಗೆ ಕಾಯಿಸುತ್ತ ಕೂರದಂತೆ ಕೆಲಸ ಹೊಂದಿಸುವುದೂ ಉಳಿತಾಯವೇ.

ಇಷ್ಟಾದ ಮೇಲೆ ಸೌರಫಲಕಗಳ ಸರದಿ. ಹೈದರಾಬಾದಿನ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. 100 ಕಿಲೋವಾಟ್ ಹಾಕಿಸಿದ ಘಟಕ ಸುಮಾರು 100 ಟನ್ ತಗ್ಗಿಸಬಹುದು. ಜೀಡಿಮೆಟ್ಲಾದ ತೊಡಕೆಂದರೆ ಹಳೆಯ ಶೆಡ್ಡುಗಳ ಸಿಮೆಂಟ್ ಶೀಟು ಫಲಕಗಳ ಭಾರ ತಡೆಯುವುದಿಲ್ಲ, ಕಾರ್ಖಾನೆಗಳ ದೂಳು ಬೇಗ ಕೂತು ಉತ್ಪಾದನೆ ಇಳಿಸುತ್ತದೆ. ಬಾಡಿಗೆ ಶೆಡ್ಡಿನಲ್ಲಿರುವವರು ಇಪ್ಪತ್ತೈದು ವರ್ಷ ಬಾಳುವ ಫಲಕಕ್ಕೆ ಹಣ ಹಾಕಲು ಹಿಂಜರಿಯುವುದೂ ಸಹಜ.

ಸಣ್ಣ ಘಟಕಕ್ಕೆ ಒಂಟಿಯಾಗಿ ನಿಲುಕದ್ದು ಹತ್ತು ಘಟಕಗಳು ಕೂಡಿದಾಗ ನಿಲುಕುತ್ತದೆ, ಮತ್ತು ಜೀಡಿಮೆಟ್ಲಾಕ್ಕೆ ಇದು ಹೊಸ ಪಾಠವಲ್ಲ. 1980ರ ದಶಕದ ಕೊನೆಯಲ್ಲಿಯೇ ಇಲ್ಲಿನ ಉದ್ಯಮಗಳು ಸೇರಿ ಜೀಡಿಮೆಟ್ಲಾ ಎಫ್ಲುಯೆಂಟ್ ಟ್ರೀಟ್‌ಮೆಂಟ್ ಲಿಮಿಟೆಡ್ ಎಂಬ ಸಾಮೂಹಿಕ ಕೊಳಚೆ ಶುದ್ಧೀಕರಣ ಘಟಕ ಕಟ್ಟಿದವು. ದೇಶದ ಇಂಥ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಉಗಿಯಲ್ಲೂ ಈ ಕೂಡುಬಾಳ್ವೆ ಸಾಧ್ಯ. ಗುಜರಾತಿನ ಅಂಕಲೇಶ್ವರ, ವಾಪಿಯಂಥ ಕಡೆ ಒಂದೇ ದೊಡ್ಡ ಬಾಯ್ಲರಿನಿಂದ ಪೈಪಿನ ಮೂಲಕ ಹಲವು ಕಾರ್ಖಾನೆಗಳಿಗೆ ಉಗಿ ಮಾರುತ್ತಾರೆ. ಸಣ್ಣ ಬಾಯ್ಲರುಗಳಿಗಿಂತ ಅದು ಕಡಿಮೆ ಇಂಧನ ಬಳಸುತ್ತದೆ, ಹೊಗೆಯ ಮೇಲೆ ಕಣ್ಣಿಡುವುದೂ ಸುಲಭ. ಆದರೆ ಅಲ್ಲಿಯೂ ಉರಿಯುವುದು ಕಲ್ಲಿದ್ದಲೇ ಆದರೆ ಇಂಗಾಲದ ಲಾಭ ದಕ್ಷತೆಯಷ್ಟಕ್ಕೇ ನಿಲ್ಲುತ್ತದೆ.

ಕಟ್ಟಡದ ಅವಶೇಷಗಳಿಗೂ ಇಲ್ಲೊಂದು ಸಾಮೂಹಿಕ ವ್ಯವಸ್ಥೆ ಇದೆ. ದಿನಕ್ಕೆ 500 ಟನ್ ಸಾಮರ್ಥ್ಯದ ಮರುಬಳಕೆ ಘಟಕ ಜೀಡಿಮೆಟ್ಲಾದಲ್ಲಿ 2020ರ ನವೆಂಬರ್‌ನಲ್ಲಿ ಆರಂಭವಾಯಿತು. ಒಡೆದ ಗೋಡೆ, ಕಾಂಕ್ರೀಟು ಅಲ್ಲಿ ಮರಳು, ಜಲ್ಲಿ, ನೆಲಹಾಸಿನ ಇಟ್ಟಿಗೆಗಳಾಗುತ್ತವೆ. ಕೆರೆಯಂಗಳಕ್ಕೆ ಮಣ್ಣು ಸುರಿಯುವುದು ತಪ್ಪುತ್ತದೆ, ಗಣಿಗಾರಿಕೆ ಮತ್ತು ಲಾರಿ ಓಡಾಟ ತಗ್ಗುತ್ತದೆ. ಆದರೆ ಕಟ್ಟಡದ ಇಂಗಾಲದಲ್ಲಿ ದೊಡ್ಡ ಪಾಲು ಸಿಮೆಂಟು ಮತ್ತು ಉಕ್ಕಿನದು. ಸುಣ್ಣಕಲ್ಲನ್ನು ಸುಟ್ಟು ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಮಾಡುವಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದನ್ನು ತಗ್ಗಿಸಲು ಹಾರುಬೂದಿ ಅಥವಾ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಬೆರೆಸಿದ ಸಿಮೆಂಟು ಆರಿಸಬೇಕು. ಮನೆ ಕಟ್ಟಿಸುವವರಿಗೂ ಈ ಆಯ್ಕೆ ಇದೆ.

ಉದ್ಯಮಗಳು ಈ ಲೆಕ್ಕ ಇಡಲೇಬೇಕಾದ ಕಾಲ ಬಂದಿದೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಪರಿಸರ ಹೊಣೆಗಾರಿಕೆಯ ವರದಿ ಕೊಡಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಕೇಂದ್ರ ಸರ್ಕಾರ 2023ರಲ್ಲಿ ಇಂಗಾಲದ ಕ್ರೆಡಿಟ್‌ಗಳ ವಹಿವಾಟಿನ ಯೋಜನೆ ಪ್ರಕಟಿಸಿತು. ಯುರೋಪಿನ ಒಕ್ಕೂಟ 2023ರ ಅಕ್ಟೋಬರ್‌ನಿಂದ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರದಂಥ ಆಮದುಗಳ ಇಂಗಾಲದ ವಿವರ ಕೇಳುತ್ತಿದೆ. 2026ರಿಂದ ಅದಕ್ಕೆ ಬೆಲೆ ತೆರಬೇಕು. ಔಷಧ ಆ ಪಟ್ಟಿಯಲ್ಲಿಲ್ಲ. ಆದರೆ ವಿದೇಶದ ದೊಡ್ಡ ಔಷಧ ಕಂಪನಿಗಳಿಗೆ ಜೀಡಿಮೆಟ್ಲಾದ ಬಾಯ್ಲರಿನ ಹೊಗೆ ಅವರ ಮೂರನೇ ಪಾಲಿನ ಲೆಕ್ಕಕ್ಕೆ ಸೇರುತ್ತದೆ, ಹೀಗಾಗಿ ಅವರು ಸರಬರಾಜುದಾರರನ್ನು ಕೇಳಲಾರಂಭಿಸಿದ್ದಾರೆ. ಸಣ್ಣ ಘಟಕಗಳು ದಕ್ಷ ಯಂತ್ರ ಕೊಳ್ಳಲು 2025ರ ಜುಲೈನಲ್ಲಿ ಇಂಧನ ದಕ್ಷತಾ ಬ್ಯೂರೋ ಸಾಲದ ಬಡ್ಡಿಯಲ್ಲಿ ಶೇ 5ರವರೆಗೆ ನೆರವು ಕೊಡುವ ಯೋಜನೆ ಆರಂಭಿಸಿದೆ. ತಿಂಗಳುವಾರು ಇಂಧನ, ವಿದ್ಯುತ್ತು, ಉತ್ಪಾದನೆಯನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟ ಘಟಕಕ್ಕೆ ಇವೆಲ್ಲ ಸಲೀಸು.

ಇನ್ನು ಮನೆಯ ಲೆಕ್ಕ. ಚಿಂತಲ್‌ನ ಒಂದು ಸಂಸಾರ ತಿಂಗಳಿಗೆ 200 ಯೂನಿಟ್ ಕರೆಂಟು, ಒಂದು ಸಿಲಿಂಡರು, ಸ್ಕೂಟರಿಗೆ 20 ಲೀಟರ್ ಪೆಟ್ರೋಲು ಬಳಸುತ್ತದೆ ಎಂದಿಟ್ಟುಕೊಂಡರೆ ಕರೆಂಟಿನದು 140 ಕಿಲೋ, ಸಿಲಿಂಡರಿನದು 42, ಪೆಟ್ರೋಲಿನದು 46. ವರ್ಷಕ್ಕೆ ಒಟ್ಟು 2.7 ಟನ್, ಐದರಲ್ಲಿ ಮೂರು ಪಾಲು ಕರೆಂಟಿನದೇ. ತೆಲಂಗಾಣದಲ್ಲಿ 2024ರಿಂದ ಗೃಹಜ್ಯೋತಿ ಯೋಜನೆಯಡಿ ಅರ್ಹ ಮನೆಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ಕರ್ನಾಟಕದಲ್ಲಿ ಅದೇ ಹೆಸರಿನ ಯೋಜನೆ ಹಿಂದಿನ ವರ್ಷವೇ ಬಂದಿತ್ತು. ಬಡವರಿಗೆ ಅದು ದೊಡ್ಡ ಆಸರೆ. ಬಿಲ್ಲು ಸೊನ್ನೆಯಾದರೂ ಮೀಟರಿನ ಮೇಲೆ ಕಣ್ಣಿಡುವ ರೂಢಿ ತಪ್ಪಬಾರದು.

75 ವಾಟಿನ ಹಳೆಯ ಫ್ಯಾನಿನ ಜಾಗದಲ್ಲಿ 30 ವಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ, ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೂ 160 ಯೂನಿಟ್ ಉಳಿಯುತ್ತದೆ. ಅಂದರೆ ಒಂದು ಫ್ಯಾನಿಗೆ 110 ಕಿಲೋ. ಏಸಿ ಇರುವ ಮನೆಯಲ್ಲಿ ಒಂದೊಂದು ಡಿಗ್ರಿ ಮೇಲಿಟ್ಟರೂ ಸುಮಾರು ಶೇ 6 ಉಳಿತಾಯ. 2020ರಿಂದ ಸ್ಟಾರ್ ಗುರುತಿನ ಏಸಿಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ ಬಂದದ್ದು ಇದಕ್ಕೇ. ಏಸಿ ಕೊಳ್ಳಲಾಗದವರ ಕಷ್ಟ ಬೇರೆ. ತಗಡು, ಸಿಮೆಂಟ್ ಶೀಟಿನ ಮನೆಗಳು ಏಪ್ರಿಲ್-ಮೇ ತಿಂಗಳಲ್ಲಿ ಕಾದು ಕೆಂಡವಾಗುತ್ತವೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿ ನೀತಿ ತಂದು, 2028ರೊಳಗೆ ರಾಜ್ಯದಲ್ಲಿ 300 ಚದರ ಕಿಲೋಮೀಟರ್ ಚಾವಣಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪ ಅಥವಾ ಹೊದಿಕೆ ಹಾಕಿಸುವ ಗುರಿ ಇಟ್ಟಿತು. ಅದರಲ್ಲಿ 200 ಹೈದರಾಬಾದಿನದು. ಬಿಳಿ ಸುಣ್ಣ ಬಳಿದರೂ ಒಳಗಿನ ಬಿಸಿ ಕೆಲವು ಡಿಗ್ರಿ ಇಳಿಯುತ್ತದೆ. ಕಾರ್ಖಾನೆಯ ಶೆಡ್ಡುಗಳಿಗೂ ಇದು ಅನ್ವಯಿಸುತ್ತದೆ, ಒಳಗೆ ದುಡಿಯುವವರ ಆರೋಗ್ಯಕ್ಕೂ ಒಳಿತು.

ಕರೆಂಟಿನಲ್ಲಿ ನಡೆಯುವುದೆಲ್ಲ ಹಸಿರು ಎಂಬ ನಂಬಿಕೆಯನ್ನು ಮಾತ್ರ ಪರೀಕ್ಷಿಸಿ ನೋಡಬೇಕು. ಇಂಡಕ್ಷನ್ ಒಲೆಯಲ್ಲಿ ಅನ್ನ ಮಾಡಿದರೆ, ಈಗಿನ ಕಲ್ಲಿದ್ದಲಿನ ಕರೆಂಟಿನ ಲೆಕ್ಕದಲ್ಲಿ, ಗ್ಯಾಸ್ ಒಲೆಗಿಂತ ಸುಮಾರು ಎರಡು ಪಟ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಚಾವಣಿಯ ಸೌರಫಲಕದ ಕರೆಂಟಿನಲ್ಲಿ ಹಗಲು ಅಡುಗೆ ಮಾಡಿದರೆ ಲೆಕ್ಕ ತಿರುಗುತ್ತದೆ. ಫಲಕಕ್ಕೆ 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟಿಗೆ 60,000 ರೂಪಾಯಿ, 3 ಕಿಲೋವಾಟ್ ಮತ್ತು ಮೇಲಿನದಕ್ಕೆ 78,000 ರೂಪಾಯಿ ಸಹಾಯಧನವಿದೆ. ಎಲೆಕ್ಟ್ರಿಕ್ ಸ್ಕೂಟರಿನ ಲೆಕ್ಕವೇ ಬೇರೆ. ಪೆಟ್ರೋಲಿನ ಸ್ಕೂಟರು ಕಿಲೋಮೀಟರಿಗೆ ಸುಮಾರು 46 ಗ್ರಾಂ ಉಗುಳಿದರೆ, ಕಲ್ಲಿದ್ದಲಿನ ಕರೆಂಟಿನಲ್ಲಿಯೇ ಓಡಿದರೂ ಎಲೆಕ್ಟ್ರಿಕ್‌ನದು ಸುಮಾರು ಅರ್ಧ. 50 ಜನ ಕೂತ ಡೀಸೆಲ್ ಬಸ್ಸು ಇವೆರಡನ್ನೂ ಮೀರಿಸುತ್ತದೆ. ತಲೆಗೆ ಹತ್ತು-ಹನ್ನೆರಡು ಗ್ರಾಂ ಅಷ್ಟೆ. ಕರ್ನಾಟಕದ ಶಕ್ತಿ ಯೋಜನೆಯಂತೆ ತೆಲಂಗಾಣದಲ್ಲೂ 2023ರ ಡಿಸೆಂಬರ್‌ನಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ. ಶಿಫ್ಟ್ ಮುಗಿಯುವ ಹೊತ್ತಿಗೆ ಬಸ್ಸು ಸಿಗುವಂತಾದರೆ ಗಂಡಸರೂ ಬೈಕು ಬಿಡುತ್ತಾರೆ. ಕಾರ್ಖಾನೆಗಳನ್ನು 158 ಕಿಲೋಮೀಟರಿನ ಹೊರವರ್ತುಲ ರಸ್ತೆಯಾಚೆ ಸಾಗಿಸುವ ಮಾತು ಬಂದಾಗಲೂ ಇದು ನೆನಪಿರಬೇಕು. ಊರಿನೊಳಗಿನ ವಾಸನೆ ತಪ್ಪುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಬಾಯ್ಲರಿನ ಇಂಗಾಲ ಎಲ್ಲಿದ್ದರೂ ಅಷ್ಟೇ, ಕಾರ್ಮಿಕರ ದಿನದ ಓಡಾಟ ಮಾತ್ರ ಬೆಳೆಯುತ್ತದೆ.

ಅಡುಗೆಮನೆಯ ಹಸಿಕಸ ತಿಪ್ಪೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಆಗುತ್ತದೆ. ಜೀಡಿಮೆಟ್ಲಾದಿಂದ ಹೆಚ್ಚು ದೂರವಿಲ್ಲದ ಬೋಯಿನಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿ ಐಐಸಿಟಿಯ ತಂತ್ರಜ್ಞಾನದಿಂದ, ದಿನಕ್ಕೆ ಸುಮಾರು 10 ಟನ್ ಕೊಳೆತ ತರಕಾರಿಯಿಂದ 500 ಯೂನಿಟ್ ವಿದ್ಯುತ್ತೂ ಅಡುಗೆಗೆ ಗ್ಯಾಸೂ ಪಡೆಯುವ ಘಟಕ ಕಟ್ಟಲಾಯಿತು. ಇಲ್ಲಿ ವಿದ್ಯುತ್ತಿಗಿಂತ ದೊಡ್ಡ ಲಾಭ ತಿಪ್ಪೆಯಲ್ಲಿ ಹುಟ್ಟಬೇಕಿದ್ದ ಮೀಥೇನ್ ತಪ್ಪಿದ್ದು. ಜವಾಹರ್‌ನಗರದಲ್ಲಿ ಕಸ ಸುಟ್ಟು ವಿದ್ಯುತ್ ಮಾಡುವ ಸ್ಥಾವರವೂ ಇದೆ. ಆದರೆ ಪ್ಲಾಸ್ಟಿಕ್ ಬೆರೆತ ಕಸ ಉರಿಸುವುದು ಪೆಟ್ರೋಲಿಯಂ ಉರಿಸಿದಂತೆಯೇ. ಮನೆಯಲ್ಲೇ ಹಸಿಕಸ, ಒಣಕಸ ಬೇರೆ ಮಾಡದಿದ್ದರೆ ಎರಡೂ ಘಟಕಗಳು ಸೋಲುತ್ತವೆ.

ಎಲ್ಲ ಪ್ರಯತ್ನದ ನಂತರವೂ ಉಳಿಯುವ ಪಾಲಿಗೆ ಕೆಲವು ಸಂಸ್ಥೆಗಳು ಬೇರೆಡೆಯ ಅರಣ್ಯ ಅಥವಾ ಸೌರ ಯೋಜನೆಗಳ ಇಂಗಾಲದ ಕ್ರೆಡಿಟ್ ಕೊಳ್ಳುತ್ತವೆ, ಸಸಿ ನೆಡಿಸುತ್ತವೆ. ಮರಗಳು ನೆರಳಿಗೂ ಮಳೆನೀರು ಇಂಗಲಿಕ್ಕೂ ಅಗತ್ಯ, ಜೀಡಿಮೆಟ್ಲಾದಲ್ಲಂತೂ ತುಂಬ ಅಗತ್ಯ. ಇಂಗಾಲದ ಲೆಕ್ಕದಲ್ಲಿ ಮಾತ್ರ ಒಂದು ಮರ ವರ್ಷಕ್ಕೆ ಹೀರಿಕೊಳ್ಳುವುದನ್ನು 20 ಕಿಲೋ ಎಂದು ಹಿಡಿದರೂ, ಮೇಲೆ ಹೇಳಿದ 3 ಮಿಲಿಮೀಟರಿನ ಒಂದು ಉಗಿ ತೂತನ್ನು ಸರಿದೂಗಿಸಲು 3,000 ಬೆಳೆದ ಮರಗಳು ಬೇಕು. ಸಸಿ ಬೆಳೆದು ಆ ಮಟ್ಟಕ್ಕೆ ಬರಲು ವರ್ಷಗಳೇ ಹಿಡಿಯುತ್ತವೆ. ಹೀಗಾಗಿ ಎಷ್ಟು ನೆಟ್ಟರು ಎಂಬುದಕ್ಕಿಂತ ಐದನೇ ವರ್ಷಕ್ಕೆ ಎಷ್ಟು ಬದುಕಿವೆ ಎಂಬುದನ್ನು ಸಂಸ್ಥೆಯ ವರದಿಯಲ್ಲಿ ಬರೆಯಬೇಕು, ಬಾಯ್ಲರಿನ ಲೆಕ್ಕವನ್ನು ಅದರ ಪಕ್ಕದಲ್ಲೇ ಇಡಬೇಕು.